ಒಂದು ಡಬ್ಬಿ ಚರಟ

"ನಾಳೆ ಇನ್ನೊಂದು ಡಬ್ಬಿ ಜಾಸ್ತಿ ತಗೊಂಡು ಬಾರೇ," ಎಂದ ಗಂಡ, ಕಿಟಕಿಯ ಕೆಳಗಿನ ಗಿಡಗಳ ಬುಡಕ್ಕೆ ಕಾಫಿ ಚರಟ ಉದುರಿಸುತ್ತ.

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮನುಷ್ಯ ಒಂದು ಗಿಡಕ್ಕೆ ಒಂದು ಚೊಂಬು ನೀರು ಹಾಕಿದವನಲ್ಲ. ಆಫೀಸೊಂದರ ಕ್ಯಾಂಟೀನಿನಲ್ಲಿ ಕಾಫಿ ಮಾಡುವ ಅವಳು, ಯಂತ್ರದಿಂದ ತೆಗೆದ ಚರಟವನ್ನು ಬಿಸಾಡಲು ಮನಸ್ಸು ಬಾರದೆ ದಿನವೂ ಡಬ್ಬಿಗೆ ತುಂಬಿ ಮನೆಗೆ ತರುತ್ತಿದ್ದಳು. ಹಳೇ ಪೇಪರಿನ ಮೇಲೆ ಹರವಿ ಒಣಗಿಸುವುದು, ಜಿಡ್ಡು ಹಿಡಿದ ಬಾಣಲೆ ತಿಕ್ಕುವುದು, ವಾಸನೆ ಹೀರಲೆಂದು ಹರಿದ ಬಟ್ಟೆಯಲ್ಲಿ ಗಂಟು ಕಟ್ಟಿ ಫ್ರಿಜ್ಜಿನೊಳಗೆ ಇಡುವುದು, ಉಳಿದದ್ದು ಗಿಡಕ್ಕೆ. ಕಸದಿಂದ ರಸ ತೆಗೆಯುವ ಈ ಚಾಳಿಗಾಗಿ ಗಂಡ ಅವಳಿಗೆ 'ಕಸದ ರಾಣಿ' ಎಂದು ಹೆಸರಿಟ್ಟಿದ್ದ. ಅವನು ಬಸ್ ಓಡಿಸುವವನು. ಡಿಪೋದ ಗೆಳೆಯರ ಎದುರಿಗೂ ಹಾಗೇ ಕರೆದು ನಗಿಸುತ್ತಿದ್ದ.

ಅಂದಿನಿಂದ ಮೂರು ವಾರ ಈ ರಾಣಿಗೆ ನಿಜವಾಗಿಯೂ ಪಟ್ಟ ಕಟ್ಟಿದ ಹಾಗಾಗಿತ್ತು. ಡ್ಯೂಟಿ ಮುಗಿಸಿ ಬಂದವನೇ ಅವಳ ಡಬ್ಬಿಗೆ ಕಾಯುತ್ತಿದ್ದ. ಮಂಚದ ಕೆಳಗೆ ಒಂದು ತಟ್ಟೆ ಚರಟ, ಬಚ್ಚಲಲ್ಲಿ ಒಂದು ತಟ್ಟೆ, ಬೂಟಿನೊಳಗೆ ಒಂದೊಂದು ಗಂಟು.

"ಚರಂಡಿ ವಾಸನೆ ತಡ್ಕೊಳ್ಳಕ್ಕಾಗಲ್ಲ. ನಿನ್ನ ಚರಟ ಇಲ್ದಿದ್ರೆ ಈ ಮನೇಲಿ ಇರಕ್ಕೇ ಆಗ್ತಿರಲಿಲ್ಲ," ಎನ್ನುತ್ತಿದ್ದ.

ಅವಳಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ದಿನವಿಡೀ ಕಾಫಿಯ ಹಬೆಯಲ್ಲಿ ನಿಲ್ಲುವವಳ ಮೂಗು ಎಂದೋ ಮೊಂಡಾಗಿತ್ತು. ಗಂಡ ಹೇಳಿದ ಮೇಲೆ ಇದ್ದೀತು ಎಂದುಕೊಂಡಳು. ಸಂಜೆ ಇಬ್ಬರೂ ಆ ಕಿಟಕಿಯ ಬಳಿ ಕೂತು ಯಾವ ಗಿಡ ಚಿಗುರಿತು, ಯಾವುದು ಸೊರಗಿತು ಎಂದು ಮಾತಾಡುತ್ತಿದ್ದರು. ಇಷ್ಟು ವರ್ಷಕ್ಕೆ ಸುಖವಾಗಿದ್ದೇನೆ ಅನ್ನಿಸಿತ್ತು ಅವಳಿಗೆ. ಬಾಯಿ ಬಿಟ್ಟು ಹೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಯಾರಿಗೂ ಹೇಳಲಿಲ್ಲ.

ಇದ್ದ ಒಂದೇ ಚಿಂತೆ ಅವನ ಸಕ್ಕರೆ ಕಾಯಿಲೆ. ಅವಳ ಭಾವನಿಗೂ, ಅಂದರೆ ಗಂಡನ ಅಣ್ಣನಿಗೂ, ಅದೇ ಇತ್ತು. ಕಾಲಿನ ಒಂದು ಗಾಯದಿಂದ ಶುರುವಾಗಿ ಬೆರಳು ಹೋಯಿತು, ಪಾದ ಹೋಯಿತು, ಮೊಣಕಾಲು ಹೋಯಿತು, ಕೊನೆಗೆ ಆಸಾಮಿಯೇ ಹೋದ. "ಆಸ್ಪತ್ರೆಗೆ ಹೋಗಿದ್ದೇ ತಪ್ಪು. ಒಂದ್ಸಲ ಕತ್ತರಿ ಹಿಡಿದ್ರೆ ಅವರು ನಿಲ್ಸಲ್ಲ," ಎಂದಿದ್ದ ಗಂಡ, ಅಣ್ಣನ ಹೆಣದ ಪಕ್ಕ ನಿಂತು. ಅವಳು ಅದನ್ನು ದುಃಖದ ಮಾತೆಂದು ಬಿಟ್ಟಿದ್ದಳು.

ಗುರುವಾರ ಅವನು ಮಧ್ಯಾಹ್ನವೇ ನಡುಗುತ್ತ ಮನೆಗೆ ಬಂದ. ಬೂಟು ಹಾಕಿಕೊಂಡೇ ಮಂಚದ ಮೇಲೆ ಬಿದ್ದ. ಮೈ ಕೆಂಡವಾಗಿತ್ತು.

"ಬೂಟು ಮುಟ್ಟಬೇಡ," ಎಂದ.

ಜ್ವರದ ಮಾತು ಎಂದುಕೊಂಡು ಅವಳು ಎಡಗಾಲಿನ ಬೂಟು ಎಳೆದಳು. ಕಾಲುಚೀಲದೊಳಗೂ ಚರಟ ತುಂಬಿತ್ತು. ಬಟ್ಟೆಯ ಪಟ್ಟಿಯ ಸುತ್ತ ಒದ್ದೆಯಾಗಿ ಮೆತ್ತಿಕೊಂಡಿತ್ತು. ಪಟ್ಟಿ ಬಿಚ್ಚಿದಳು. ಕೊನೆಯ ಮೂರು ಬೆರಳು ಚರಟದಷ್ಟೇ ಕಪ್ಪಗಿದ್ದವು. ಆಗ ಅವಳ ಮೊಂಡು ಮೂಗಿಗೂ ವಾಸನೆ ಹೊಡೆಯಿತು. ಇಷ್ಟು ದಿನ ಅವನು ಹೇಳುತ್ತಿದ್ದ ಚರಂಡಿ ಮಂಚದ ಮೇಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮಾಸ್ಕನ್ನು ಮೇಲಕ್ಕೆಳೆದುಕೊಂಡರು. "ಎಷ್ಟು ದಿನ ಆಯ್ತಮ್ಮ ಇದು? ಮನೇಲಿ ಯಾರಿಗೂ ವಾಸನೆ ಬರಲಿಲ್ವಾ?"

ಎಷ್ಟು ದಿನ ಎಂಬುದು ಅವಳಿಗೆ ಈಗ ಲೆಕ್ಕವಾಗಿ ಗೊತ್ತಿತ್ತು. ಅವನು ಮೊದಲ ಸಲ ಡಬ್ಬಿ ಕೇಳಿದ ದಿನದಿಂದ ಇಪ್ಪತ್ಮೂರು.

"ಬರಲಿಲ್ಲ ಡಾಕ್ಟ್ರೇ," ಎಂದಳು.

"ಮೊದಲೇ ಬಂದಿದ್ರೆ ಒಂದು ಬೆರಳಲ್ಲಿ ಮುಗೀತಿತ್ತು. ಈಗ ಮೊಣಕಾಲಿನ ಕೆಳಗೆ ತೆಗೀಬೇಕು. ಇಲ್ಲಾಂದ್ರೆ ಜೀವ ಉಳಿಯಲ್ಲ."

ಅದು ಕ್ಲಚ್ ತುಳಿಯುವ ಕಾಲು. ಅವಳು ಸಹಿ ಹಾಕಿದಳು. ಅವನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ದಿನವೂ ಡಬ್ಬಿ ತುಂಬಿ ತಂದ ತನ್ನ ಎರಡು ಕೈಗಳ ಮೇಲೆ.

ಒಳಗೆ ಕರೆದೊಯ್ಯುವ ಮೊದಲು ಕೇಳಿದಳು: "ನನಗಾದ್ರೂ ಯಾಕ್ರೀ ಹೇಳಲಿಲ್ಲ?"

"ಹೇಳಿದ್ರೆ ನೀನು ಇಲ್ಲಿಗೆ ಕರ್ಕೊಂಡು ಬರ್ತಿದ್ದೆ."

"ಮತ್ತೆ ಆ ಗಿಡ? ದಿನಾ ಸಂಜೆ ನನ್ನ ಜೊತೆ ಕೂರ್ತಿದ್ದದ್ದು?"

"ನಿಂತ್ಕೊಳ್ಳಕ್ಕೆ ಆಗ್ತಿರಲಿಲ್ಲ ಕಣೇ. ಅದಕ್ಕೆ ಕೂರ್ತಿದ್ದೆ."

ಸುಳ್ಳನ್ನೇ ಹೇಳಿಕೊಂಡು ಬಂದವನು ಇನ್ನೂ ಒಂದು ಸುಳ್ಳನ್ನು ಯಾಕೆ ಹೇಳಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ಆಯಾ ಬಂದು ಗಾಲಿಮಂಚವನ್ನು ತಳ್ಳಿಕೊಂಡು ಹೋದಳು.

ಆಪರೇಷನ್ನಾದ ಮೂರನೆಯ ದಿನ ಬೆಳಿಗ್ಗೆ ನರ್ಸು ಬಂದು ಪಟ್ಟಿ ಬದಲಾಯಿಸಿದಳು. ಹೊದಿಕೆ ಒಂದು ಬದಿಯಲ್ಲಿ ಹಾಸಿಗೆಗೆ ಅಂಟಿಕೊಂಡು ಚಪ್ಪಟೆಯಾಗಿ ಬಿದ್ದಿತ್ತು. ಅವನು ಕಣ್ಣು ಮುಚ್ಚಿದ್ದ. ಗಂಡ ಹೆಂಡತಿ ಎರಡು ದಿನದಿಂದ ಮಾತಾಡಿರಲಿಲ್ಲ.

ನರ್ಸು ಹೋದ ಮೇಲೆ ಅವಳು ಸ್ಟೂಲನ್ನು ಮಂಚದ ಕೊನೆಗೆ ಎಳೆದುಕೊಂಡಳು. ಹೊದಿಕೆ ಸರಿಸಿ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹಿಮ್ಮಡಿ ನೋಡಿದಳು, ಅಂಗಾಲು ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಸಂದಿಗಳನ್ನು ನೋಡಿದಳು. ಆಮೇಲೆ ಬಗ್ಗಿ ಪ್ರತಿ ಸಂದಿಗೂ ಮೂಗು ಹಚ್ಚಿ ಮೂಸಿದಳು. ಪಕ್ಕದ ಮಂಚದ ರೋಗಿ ಮುಖ ಆ ಕಡೆ ತಿರುಗಿಸಿಕೊಂಡ.

ಗಂಡ ಎಚ್ಚರವಾಗಿದ್ದ. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.