ಒದ್ದೆ ಸೆರಗು

"ಅತ್ಗೆ, ಇವಳು ಅತ್ರೆ ಕಣ್ಣಲ್ಲಿ ನೀರು ಬತ್ತದಾ?"

ಹೊನ್ನಾವರದ ಆಸ್ಪತ್ರೆಯ ಮಂಚದ ಪಕ್ಕ ನಿಂತು ಮೈದುನ ಶ್ರೀಧರ ಹೀಗೆ ಕೇಳಿದಾಗ ರೇಖಾ ತಲೆ ತಗ್ಗಿಸಿ ಮಗಳ ಹೊದಿಕೆ ಎಳೆದು ಸರಿಮಾಡಿದಳು. ಮಂಚದ ಮೇಲೆ ಮಗಳು ಪ್ರಣಿತಾ ಬೆಳಿಗ್ಗೆಯಿಂದ ವಾಂತಿ ಮಾಡಿ ಮಾಡಿ ಬಾಡಿದ ಬಸಳೆಯಂತೆ ಬಿದ್ದಿದ್ದಳು. ಮಾವಿನಕುರ್ವೆಯಿಂದ ಕರೆತರುವಾಗ ದೋಣಿಯಲ್ಲೇ ಒಮ್ಮೆ ಮೈ ಸೆಟೆದಿತ್ತು. ಗಂಡ ಮೀನಿಗೆಂದು ಸಮುದ್ರಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಎರಡು ವರ್ಷದ ಹಿಂದೆ ಹಿರಿಯ ಮಗ ಅಕ್ಷಯನೂ ಹೀಗೆಯೇ ವಾಂತಿ ಮಾಡಿ, ಹೀಗೆಯೇ ಸೆಟೆದು, ಹೋಗಿಬಿಟ್ಟಿದ್ದ.

"ಎಂತ ಕೇಳೂದು ಅದೆಲ್ಲ ಈಗ?" ಅತ್ತೆ ತಿಮ್ಮಕ್ಕ ಗದರಿದರು. "ಮುಷ್ಟಿಗಟ್ಲೆ ಉಪ್ಪು ಕದ್ದು ತಿಂದ್ರೆ ವಾಂತಿ ಆಗ್ದೆ ಇರ್ತದಾ? ಭರಣಿ ಅಟ್ಟಕ್ಕೆ ಇಟ್ರೂ ಬಿಡೂದಿಲ್ಲ."

ಉಪ್ಪು ಎಂದದ್ದೇ ತಡ, ಶ್ರೀಧರ ಬಿಳಿಚಿಕೊಂಡ. ಅಪ್ಪನ ವರ್ಷಾಂತಿಕಕ್ಕೆ ಮುಂಬಯಿಯಿಂದ ಬಂದವನು ಅವನು. ಅಲ್ಲಿನ ಪ್ರಯೋಗಶಾಲೆಯಲ್ಲಿ ದುಂಡುಹುಳ ಸಾಕುವುದು ಅವನ ಕೆಲಸ. ಅಷ್ಟು ಓದಿ ಹುಳ ಕಾಯುವುದೇ ಎಂದು ಊರಲ್ಲಿ ನಗದವರಿಲ್ಲ. ಆ ಹುಳದ ಜೀವಕೋಶದೊಳಗೆ ಜೀನುಗಳಿರುವ ಒಂದು ಕೋಣೆ, ಅದರ ಗೋಡೆ ತುಂಬ ಕಿಂಡಿ. ಕಿಂಡಿ ಕಟ್ಟಲು ಬೇಕಾದ ಒಂದು ಜೀನಿನ ಹಿಂದೆ ಬಿದ್ದು ಅವನ ತಲೆಗೂದಲು ಉದುರಿತ್ತು.

"ಆ ಜೀನ್ ಮನುಷ್ಯರಲ್ಲೂ ಅದೆ ಡಾಕ್ಟ್ರೇ," ಎಂದ, ನಾಡಿ ನೋಡುತ್ತಿದ್ದ ಡಾಕ್ಟರ ಕಡೆ ತಿರುಗಿ. "ಅದು ಕೆಟ್ಟ ಮಕ್ಕಳಿಗೆ ಕಣ್ಣೀರು ಬರೂದಿಲ್ಲ. ಕಿಡ್ನಿ ಮೇಲಿನ ಗ್ರಂಥಿ ಸೋಲ್ತದೆ. ಮೈಯಲ್ಲಿ ಸಕ್ಕರೆ ಇಳೀತದೆ, ಕೆಲವರಿಗೆ ಉಪ್ಪೂ, ಅದ್ಕೇ ಉಪ್ಪು ಹುಡುಕಿ ತಿಂತಾರೆ. ಸ್ಟೀರಾಯ್ಡ್ ಕೊಟ್ರೆ ಉಳೀತಾರೆ."

"ಹುಳ ನೋಡಿ ಮಗುಗೆ ಇಂಜೆಕ್ಷನ್ ಕೊಡೂಕಾಗ್ತದಾ? ಇವಳಿಗೆ ಕಣ್ಣೀರಿಲ್ಲ ಅಂತ ಗೊತ್ತುಂಟಾ?" ಎಂದರು ಡಾಕ್ಟರು.

ಶ್ರೀಧರನ ದನಿ ಕುಸಿಯಿತು. "ಅಲ್ಲೇ ತಾಳ ತಪ್ಪೂದು. ಅಪ್ಪ ಹೋದ ದಿನ ಇವಳು ಅತ್ತದ್ದು ನಾನೇ ಕಂಡಿದ್ದೆ. ಕೆನ್ನೆಯೆಲ್ಲ ಒದ್ದೆ."

ರೇಖಾ ಸೆರಗಿನ ತುದಿಯನ್ನು ಹಿಂಡಿದಳು. ಅಜ್ಜನ ಹೆಣದ ಮುಂದೆ ಪ್ರಣಿತಾ ಬಾಯಿಬಿಟ್ಟು ಅಳುತ್ತಿದ್ದಳು, ಕಣ್ಣು ಮಾತ್ರ ಒಣಗಿತ್ತು. ಅಳುವ ನಾಟಕ ನೋಡು ಎಂದು ಹೆಂಗಸರು ಪಿಸುಗುಟ್ಟತೊಡಗಿದ್ದರು. ಊರ ಬಾಯಿಗೆ ಹೆದರಿದ ರೇಖಾ ಬಾವಿಕಟ್ಟೆಗೆ ಹೋಗಿ ಬಂದಿದ್ದಳು. ಆಮೇಲೆ ವರ್ಷವಿಡೀ ತಿಮ್ಮಕ್ಕ ಬಂದವರಿಗೆಲ್ಲ ಮೊಮ್ಮಗಳ ಕಣ್ಣೀರಿನ ಕಥೆ ಹೇಳಿದ್ದೇ ಹೇಳಿದ್ದು. ಈಗ ಬಾಯಿಬಿಟ್ಟರೆ ಮಾನ ಹೋಗುವುದಷ್ಟೇ ಅಲ್ಲ. ಬಿದ್ದರೂ ಕಣ್ಣೀರು ಹಾಕದ ಗಟ್ಟಿ ಹುಡುಗ ಎಂದು ಅಕ್ಷಯನನ್ನು ಅವಳೇ ಹೊಗಳುತ್ತಿದ್ದಳಲ್ಲ, ಆ ಮಾತು ಇನ್ನು ಸಾಯುವವರೆಗೂ ಅವಳನ್ನು ಸುಡುವಂಥದು.

ಪ್ರಣಿತಾಳ ಕಾಲು ಮತ್ತೆ ಸೆಟೆಯತೊಡಗಿತು.

"ಅದು ಕಣ್ಣೀರಲ್ಲ," ಎಂದಳು ರೇಖಾ. "ನಾನೇ ಸೆರಗು ನೀರಲ್ಲಿ ಅದ್ದಿ ಒರೆಸಿದ್ದು. ಇವಳಿಗೆ ಹುಟ್ಟಿದಾಗಿಂದ್ಲೂ ಕಣ್ಣೀರಿಲ್ಲ. ಅಕ್ಷಯಂಗೂ ಇರ್ಲಿಲ್ಲ."

ತಿಮ್ಮಕ್ಕ ಗೋಡೆ ಹಿಡಿದುಕೊಂಡರು. ಡಾಕ್ಟರು "ಆತು," ಎಂದು ಸ್ಟೀರಾಯ್ಡ್ ಇಂಜೆಕ್ಷನ್ ತರಲು ನರ್ಸನ್ನು ಕೂಗಿದರು.

ಬಿಸಿಲು ಇಳಿಯುವ ಹೊತ್ತಿಗೆ ಪ್ರಣಿತಾ ಕಣ್ಣು ಬಿಟ್ಟಳು. ಮಂಚದ ಮೇಲೆ ಬಗ್ಗಿದ್ದ ಅಜ್ಜಿ ಅಕ್ಷಯನ ಹೆಸರು ಹಿಡಿದು ಮೆಲ್ಲಗೆ ಅಳುತ್ತಿದ್ದರು. ಹುಡುಗಿ ನಿಧಾನ ಕೈ ಎತ್ತಿ ಅಜ್ಜಿಯ ಕೆನ್ನೆ ಮುಟ್ಟಿದಳು. ಒದ್ದೆಯಾದ ಬೆರಳನ್ನು ಬಾಯಿಗಿಟ್ಟು ಚೀಪಿದಳು. ಮತ್ತೆ ಕೈ ಚಾಚಿದಳು.

ತಿಮ್ಮಕ್ಕ ಮುಖ ಒರೆಸಿಕೊಳ್ಳದೆ ಇನ್ನಷ್ಟು ಬಗ್ಗಿದರು.