ಕವುಚಿ ಹಾಕಿದ ಮೆಟ್ಟಿಲು

ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಕುರಿ ಸಾಕಿಕೊಂಡೇ ಎಂಬತ್ತು ದಾಟಿದ ಕ್ಲೆಮ್ ಪೆಂಗಿಲ್ಲಿಗೆ 'ಹುಳದ ಕ್ಲೆಮ್' ಅಂತ ಹೆಸರಿಟ್ಟವರು ಪಬ್ಬಿನವರು. ಇಡದೆ ಏನು ಮಾಡಿಯಾರು? ಮೂವತ್ತು ವರ್ಷದಿಂದ ಅವನದು ಒಂದೇ ರಾಗ: ಗುಡ್ಡದ ಚಪ್ಪಡಿಯ ಮೇಲಿರೋ ದಾರದಷ್ಟು ಸಣ್ಣ ಗೀರು, ಇಲ್ಲಿ ಕಡಲಿದ್ದಾಗ, ಐವತ್ತೈದು ಕೋಟಿ ವರ್ಷದ ಹಿಂದೆ, ಯಾವುದೋ ಜೀವ ತೆವಳಿದ ಜಾಡು. ಪೇಟೆಯ ಪಂಡಿತರು ಬಂದು, "ನೀರು ಪಾಚಿ ಎಳ್ಕೊಂಡು ಹೋದ ಗುರುತು, ಅಜ್ಜ," ಅಂದು ಟೀ ಕುಡಿದು ಹೋಗಿದ್ದರು. ಸಾಯೋದರೊಳಗೆ ಒಬ್ಬರಾದರೂ ಹೌದು ಅನ್ನಲಿ ಅಂತ ಮುದುಕನ ಆಸೆ.

ಈ ಸಲ ಪೇಟೆಯಿಂದ ಬಂದವಳು ಕಲ್ಲಚ್ಚುಗಳ ಪಂಡಿತೆ ಇಲ್ಸ ನೋಸ್ಕೆ. ಅಡ್ಡಬಿಸಿಲಿಗೇ ಇಂಥ ಗೀರು ಎದ್ದು ಕಾಣೋದು ಅಂತ ಸಂಜೆಯವರೆಗೂ ಕಾದು, ಕಲ್ಲಿನ ಪಕ್ಕ ಬೋರಲು ಮಲಗಿದಳು.

"ಕ್ಲೆಮ್, ನೀರು ಎಳೆದದ್ದಾದ್ರೆ ನೆಟ್ಟಗೆ ಹೋಗ್ಬೇಕು. ತಿರುಗಿತ್ತು ಅಂದ್ರೆ ಜೀವ ಇತ್ತು ಅಂತ. ಆದ್ರೆ ಬಾಗೋಕೆ ಶುರುವಾದ ಕಡೆನೇ ಕಲ್ಲು ಮುರಿದಿದೆ. ನೋಡಿ, ಹಾರೆ ಗುರುತು. ಯಾವ ಪುಣ್ಯಾತ್ಮನೋ!"

ಕ್ಲೆಮ್ ಬಗ್ಗಿ ಆ ಗುರುತಿನ ಮೇಲೆ ಬೆರಳಾಡಿಸಿದ. ಆ ಹಾರೆ ಅವನದೇ. ಮದುವೆಯಾದ ವರ್ಷ ಅಡುಗೆಮನೆ ಬಾಗಿಲಿಗೆ ಮೆಟ್ಟಿಲು ಬೇಕು ಅಂತ ಈ ಚಪ್ಪಡಿ ಮೀಟಿ ಮುರಿದು, ಅರ್ಧ ಭಾಗ ಹೊತ್ತು ತಂದಿದ್ದ. ಉಳಿದರ್ಧವನ್ನು ಎಷ್ಟೋ ವರ್ಷದ ಮೇಲೆ ಮಳೆನೀರು ಮಗುಚಿದಾಗಲೇ ಗೀರು ಕಂಡದ್ದು. ಎರಡನ್ನೂ ಕೂಡಿಸಿ ನೋಡೋ ಬುದ್ಧಿ ಮಾತ್ರ ಹೊಳೆದಿರಲಿಲ್ಲ.

"ಆ ಪುಣ್ಯಾತ್ಮ ನಾನೇ ಕಣಮ್ಮ. ಐವತ್ತೆಂಟು ವರ್ಷದಿಂದ ಅದನ್ನ ಬೂಟುಗಾಲಲ್ಲಿ ತುಳೀತಿದೀವಿ," ಅಂದ.

ಮನೆಯಲ್ಲಿ ಹೆಂಡತಿ ತೆಲ್ಮಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮೆಟ್ಟಿಲು ಕೀಳ್ತೀಯಾ? ಈ ವಯಸ್ಸಲ್ಲಿ ನಾನು ಹಾರ್ಕೊಂಡು ಒಳಗೆ ಬರ್ಲಾ?" ಅಂತ ಬೈದಳು. ಬೈಯುತ್ತಲೇ ಹಾರೆಗೆ ತಾನೂ ಕೈಕೊಟ್ಟಳು.

ಕಲ್ಲು ಮಗುಚಿತು. ನುಣುಪು ಮುಖ ಮೇಲಿರಲಿ ಅಂತ ಅಂದು ಕವುಚಿ ಹಾಕಿದ್ದೇ ಪುಣ್ಯ, ಅಡಿಯ ಮುಖ ಒಂಚೂರೂ ಸವೆದಿರಲಿಲ್ಲ. ಇಲ್ಸ ಟಾರ್ಚನ್ನು ಅಡ್ಡ ಹಿಡಿದಳು. ಗೀರು ಬಾಗಿತ್ತು. ಮತ್ತೊಮ್ಮೆ ಹೊರಳಿ, ಎಲೆಯಂಥ ಚಪ್ಪಟೆ ಜೀವಿಯೊಂದರ ಅಚ್ಚಿನ ಅಡಿಗೆ ನುಗ್ಗಿತ್ತು.

"ಸತ್ತದ್ದನ್ನ ತಿನ್ನೋಕೆ ತಿರುಗಿದೆ," ಅಂದಳು ಇಲ್ಸ. "ನೀವು ಹೇಳಿದ್ದೇ ಹೌದು, ಕ್ಲೆಮ್. ಇದಕ್ಕೆ ಹಸಿವಿತ್ತು."

ಅಬ್ಬಾ! ಕಾಲಿಲ್ಲ, ದಾರಿ ತೋರಿಸೋರಿಲ್ಲ, ಆದರೂ ಆ ಕತ್ತಲ ಕೆಸರಲ್ಲಿ ಊಟ ಹುಡುಕಿಕೊಂಡು ಹೊರಟಿತ್ತಲ್ಲ, ಅದೆಂಥ ಎದೆಗಾರಿಕೆ! ಕ್ಲೆಮ್‌ಗೆ ಕಣ್ಣು ತುಂಬಿ ಬಂತು.

ತೆಲ್ಮಾ ಬಗ್ಗಿ ಆ ಗೀರನ್ನೇ ಮಾತಾಡಿಸಿದಳು. "ಅಯ್ಯೋ ಪಾಪ, ಇಷ್ಟು ವರ್ಷ ಅಡುಗೆಮನೆ ಬಾಗಿಲಲ್ಲೇ ಇದ್ಯಲ್ಲೋ. ಒಂದಿನಾನೂ ಒಳಗೆ ಕರೀಲಿಲ್ಲ ನಿನ್ನ."

"ಹೌದು ಅಂದಳು ಕಣೇ," ಅಂದ ಕ್ಲೆಮ್. ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ಮೆಟ್ಟಿಲಿಲ್ಲದ ಬಾಗಿಲು ಹತ್ತಿದರು.