ಐದನೇ ಮುಖ

ಮಕ್ಕಳ ಮನಸ್ಸನ್ನು ತಿಳಿಯಲು ಮರದ ಕ್ಲಿಪ್ಪು ಸೂಕ್ತವೋ ಪ್ಲಾಸ್ಟಿಕ್ ಕ್ಲಿಪ್ಪು ಸೂಕ್ತವೋ ಎಂಬ ಪ್ರಶ್ನೆ ಕಳೆದ ಜುಲೈನಲ್ಲಿ ರಾಜಧಾನಿಯ ಪೀತಮ್‌ಪುರದ ನಮ್ಮ ಪ್ರಾಥಮಿಕ ಶಾಲೆಯ ಮುಂದೆ ಬಂದು ನಿಂತಿತು. ಇದನ್ನು ಸಣ್ಣ ವಿಷಯ ಎನ್ನುವವರು ನಮ್ಮ ಸಭೆಗಳಲ್ಲಿ ಕೂತವರಲ್ಲ. ಮೂರು ಸಭೆ, ಒಂದು ಉಪಸಮಿತಿ, ಭಿನ್ನಮತದ ಒಂದು ಟಿಪ್ಪಣಿ. ಕೊನೆಗೆ ಮರ ಗೆದ್ದಿತು. ಮರವೂ ನೈಸರ್ಗಿಕ, ಮಗುವೂ ನೈಸರ್ಗಿಕ ಎಂದು ಪ್ರಿನ್ಸಿಪಾಲ್ ಮೇಡಂ ಹೇಳಿದ್ದನ್ನು ನಡಾವಳಿಯಲ್ಲಿ ನಾನೇ ಬರೆದೆ. ನಾನು ಲೈಬ್ರರಿಯನ್. ಸಭೆಗಳೆಲ್ಲ ಲೈಬ್ರರಿಯಲ್ಲೇ ನಡೆಯುವುದರಿಂದ ಈ ಕೆಲಸ ಕಪಾಟುಗಳ ಜೊತೆಗೇ ನನ್ನ ಪಾಲಿಗೆ ಬಂದದ್ದು.

ಯೋಜನೆಯ ಹೆಸರು ‘ಇಡೀ ಮಗು’. ಶಾಲೆಗೆ ಬರುವುದು ಲೆಕ್ಕ ಮಾಡುವ ತಲೆ ಮಾತ್ರವಲ್ಲ, ಹಸಿವು, ಭಯ, ಅರ್ಧ ನಿದ್ದೆ ಎಲ್ಲ ಹೊತ್ತ ಇಡೀ ಮಗು ಎಂಬುದು ಅದರ ಸಾರ. ವಿಚಾರ ಒಳ್ಳೆಯದು. ಪ್ರತಿ ಕ್ಲಾಸಿನ ಬಾಗಿಲಲ್ಲಿ ಒಂದು ಹಲಗೆ, ಅದರ ಮೇಲೆ ನಾಲ್ಕು ಮುಖ: ಖುಷಿ, ಪರವಾಗಿಲ್ಲ, ಬೇಜಾರು, ಕೋಪ. ಬೆಳಿಗ್ಗೆ ಬಂದ ಮಗು ತನ್ನ ಹೆಸರಿನ ಕ್ಲಿಪ್ಪನ್ನು ತನಗೆ ಒಪ್ಪುವ ಮುಖಕ್ಕೆ ಸಿಕ್ಕಿಸಬೇಕು. ಮೂರು ದಿನ ಬೇಜಾರಿನಲ್ಲೋ ಕೋಪದಲ್ಲೋ ಉಳಿದ ಮಗುವಿಗೆ ನೆರವು. ನೆರವು ಎಂದರೆ ಸಂದೀಪ್.

ಸಂದೀಪ್ ಹಾಸನದ ಹುಡುಗ. ಐಎಎಸ್ ಮಾಡಲು ಬಂದು ಓಲ್ಡ್ ರಾಜಿಂದರ್ ನಗರದ ಒಂದು ಕೋಣೆಯಲ್ಲಿ ಮೂರು ಪ್ರಯತ್ನ ಮುಗಿಸಿ, ಕೈಯಲ್ಲಿದ್ದ ಮನಃಶಾಸ್ತ್ರದ ಎಂ.ಎ.ಯನ್ನು ಹಿಡಿದು ನಮ್ಮಲ್ಲಿ ಆಪ್ತಸಲಹೆಗಾರನಾದವನು. ಮಂಗಳವಾರ ಮತ್ತು ಶುಕ್ರವಾರ ಬರುತ್ತಿದ್ದ. ಲೆಕ್ಕದ ಪೀರಿಯಡ್ಡಿನಿಂದ ಮಗುವನ್ನು ಎಬ್ಬಿಸಿದರೆ ತಂದೆತಾಯಿ ಸುಮ್ಮನಿರುವುದಿಲ್ಲ, ಇಂಗ್ಲಿಷಿನಿಂದ ಎಬ್ಬಿಸಿದರೆ ಅಜ್ಜ ಅಜ್ಜಿಯೂ ಬರುತ್ತಾರೆ. ಯಾರೂ ಕೇಳದ ಪೀರಿಯಡ್ಡು ಗೇಮ್ಸ್. ಆದ್ದರಿಂದ ನೆರವನ್ನು ಗೇಮ್ಸ್ ಪೀರಿಯಡ್ಡಿನಲ್ಲಿ, ಲೈಬ್ರರಿಯ ಮೂಲೆಯಲ್ಲಿ, ಮೂರು ದಿಂಬುಗಳ ಮೇಲೆ ಕೊಡುವುದೆಂದು ತೀರ್ಮಾನವಾಯಿತು. ಗೋಡೆಗೆ ಸಂದೀಪ್ ಒಂದು ಪೋಸ್ಟರು ಅಂಟಿಸಿದ: ‘ಇಲ್ಲಿ ಹೇಳಿದ್ದು ಇಲ್ಲೇ’.

ಆಗಸ್ಟಿನ ಮೊದಲ ಪಟ್ಟಿಯಲ್ಲಿ ಮೂರನೇ ‘ಬಿ’ಯ ಪೂವಮ್ಮ ಇದ್ದಳು. ಎಂಟು ವರ್ಷ. ತಂದೆ ಅಪ್ಪಯ್ಯ ಸೈನ್ಯದಲ್ಲಿದ್ದರು. ಜೂನ್‌ನಲ್ಲಿ ಅವರ ಜೀಪು ಕಂದಕಕ್ಕೆ ಬಿದ್ದಿತ್ತು, ಅವರು ಉಳಿಯಲಿಲ್ಲ. ತಾಯಿ ಬೊಳ್ಳಮ್ಮ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ.

“ಪೂವಮ್ಮ, ನಿನಗೆ ಹೇಗನ್ನಿಸ್ತಿದೆ?” ಎಂದು ಸಂದೀಪ್ ಕೇಳಿದ.

“ಕುಛ್ ನಹೀ.”

“ಸ್ವಲ್ಪಾನೂ?”

“ಕುಛ್ ನಹೀ, ಸರ್. ಏನೂ ಅನ್ನಿಸಲ್ಲ. ಅದಕ್ಕೆ ಮುಖ ಎಲ್ಲಿದೆ? ನಾನು ಸುಮ್ನೆ ಬೇಜಾರಲ್ಲಿ ಹಾಕಿದ್ದು.”

ಸಂದೀಪ್ ಒಳ್ಳೆಯವನು. ಅಂದೇ ಐದನೇ ಮುಖ ಬೇಕೆಂದು ಅರ್ಜಿ ಬರೆದ. ಸಭೆ ಕೂಡಿತು. ಆ ಮುಖ ಹೇಗಿರಬೇಕು? ಎರಡು ಚುಕ್ಕೆ, ಒಂದು ಅಡ್ಡ ಗೆರೆ ಹಾಕಿದರೆ ಅದು ಈಗಾಗಲೇ ‘ಪರವಾಗಿಲ್ಲ’. ಗೆರೆ ತೆಗೆದರೆ ಬಾಯಿಲ್ಲದ ಮಗು, ಪೋಷಕರು ಹೆದರುತ್ತಾರೆ. ಎಲ್ಲ ತೆಗೆದರೆ ಬರೀ ದುಂಡು. “ದುಂಡು ಛಾಪಿಸಿ ಅಂತ ಪ್ರಿಂಟರ್ ಭಯ್ಯಾಗೆ ಹೇಳಿದ್ರೆ ಏನಂದ್ಕೊಳ್ತಾನೆ?” ಎಂದರು ಡ್ರಾಯಿಂಗ್ ಟೀಚರ್. ವಿಷಯವನ್ನು ಮುಂದಿನ ಶೈಕ್ಷಣಿಕ ವರ್ಷಕ್ಕೆ ಮುಂದೂಡಲಾಯಿತು ಎಂದು ಬರೆದೆ.

ಮಕ್ಕಳು ಅಷ್ಟು ಕಾಯಲಿಲ್ಲ. ಬೇಜಾರಾದವರಿಗೆ ಆಟವಿಲ್ಲ ಎಂಬುದು ಮೂರನೇ ‘ಬಿ’ಗೆ ಎರಡು ವಾರದಲ್ಲಿ ಅರ್ಥವಾಯಿತು. ಸೆಪ್ಟೆಂಬರ್ ಮೊದಲ ದಿನದಿಂದ ಮೂವತ್ತೆಂಟು ಕ್ಲಿಪ್ಪುಗಳೂ ಖುಷಿಯಲ್ಲಿ ಕೂತವು. ಹಲಗೆ ಒಂದೇ ಕಡೆ ವಾಲಿತು, ಪ್ಯೂನ್ ಬಂದು ಮೊಳೆ ಹೊಡೆದ. ಪ್ರಿನ್ಸಿಪಾಲ್ ಮೇಡಂ ಸುತ್ತೋಲೆಯಲ್ಲಿ ಅಭಿನಂದನೆ ತಿಳಿಸಿದರು.

ನವೆಂಬರಿನಲ್ಲಿ ಗಾಳಿ ಕೆಟ್ಟು ಮೂರು ವಾರ ಹೊರಗಿನ ಆಟ ಬಂದ್ ಆಯಿತು. ಗೇಮ್ಸ್ ಪೀರಿಯಡ್ಡಿನ ಮಕ್ಕಳನ್ನು ಲೈಬ್ರರಿಗೆ ಕಳಿಸಿದರು. ಪೂವಮ್ಮ ಆಮೆಗಳ ಪುಸ್ತಕ ವಾಪಸು ಕೊಡಲು ಬಂದಳು.

“ಲೈಬ್ರರಿ ಸರ್, ಗೇಮ್ಸ್ ಕಬ್ ಸೆ? ಯಾವಾಗಿಂದ?”

“ಗಾಳಿಯನ್ನ ಕೇಳಬೇಕು. ಖೋ-ಖೋ ಅಷ್ಟು ಇಷ್ಟನಾ? ಚೆನ್ನಾಗಿ ಓಡ್ತೀಯಾ?”

“ಓಡೋದಲ್ಲ. ಕೂತ್ಕೊಳ್ಳೋದು.”

“ಕೂತ್ಕೊಳ್ಳೋದಾ?”

“ಲೈನಲ್ಲಿ ಕೂತಿರ್ತೀವಲ್ಲ, ಏಕ್ ಇಧರ್, ಏಕ್ ಉಧರ್ ಮುಖ ಮಾಡಿ. ಯಾರೂ ಮುಖ ನೋಡಲ್ಲ. ಹೇಗಿದೀಯ ಅಂತ ಯಾರೂ ಕೇಳಲ್ಲ, ಕೋಯಿ ನಹೀ. ಬೆನ್ನು ಮುಟ್ಟಿದ್ರೆ ಎದ್ದು ಓಡ್ಬೇಕು, ಬಸ್.” ಆಮೇಲೆ ಪೋಸ್ಟರು ತೋರಿಸಿದಳು. “ಯಾರಿಗೂ ಹೇಳ್ಬೇಡಿ, ಸರ್. ಕ್ಲಿಪ್ ಖುಷೀಲಿ ಇಲ್ದಿದ್ರೆ ಗೇಮ್ಸ್ ಹೋಗತ್ತೆ.”

ನಾನು ಅಚ್ಛಾ ಎಂದೆ. ಪುಸ್ತಕಕ್ಕೆ ಮುದ್ರೆ ಒತ್ತಿದೆ.

ಜನವರಿಯ ಕೊನೆಯಲ್ಲಿ ಬೊಳ್ಳಮ್ಮ ಬಂದರು. ಲೈಬ್ರರಿಯಲ್ಲಿ ಆಗ ಇದ್ದವರು ನಾನು ಮತ್ತು ಪೂವಮ್ಮನ ಕ್ಲಾಸ್ ಟೀಚರ್ ಧಾರಿಣಿ. ಧಾರಿಣಿ ಬೆಳೆದದ್ದು ಲಕ್ಷ್ಮೀ ನಗರದಲ್ಲಿ, ಮನೆಮಾತು ಕನ್ನಡ. ಕನ್ನಡ ಕಿವಿಗೆ ಬಿದ್ದದ್ದೇ ಬೊಳ್ಳಮ್ಮ ಕುರ್ಚಿ ಎಳೆದುಕೊಂಡರು.

“ಮೈಸೂರಿಗೆ ವರ್ಗ ಕೊಡ್ತೀವಿ ಅಂದಿದ್ದಾರೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಬೇಕೋ ಬೇಡವೋ ಅಂತ ಫೆಬ್ರುವರಿ ಮಧ್ಯದೊಳಗೆ ಬರೆದುಕೊಡಬೇಕು. ಇವಳಿಗಾಗಲೇ ನಾಲ್ಕು ಶಾಲೆ ಆಯ್ತು. ಇಲ್ಲಿ ಹೊಂದಿಕೊಂಡಿದ್ರೆ ಕೀಳೋದು ಬೇಡ. ಹೊಂದಿಕೊಂಡಿಲ್ಲ ಅಂದ್ರೆ ಒಂದು ಮಾತು ಹೇಳಿ, ಹೊರಟುಬಿಡ್ತೀನಿ.”

“ಅವಳೇನಂತಾಳೆ?” ಎಂದು ಧಾರಿಣಿ ಕೇಳಿದಳು.

“ಅವಳಿಗೆ ಹೇಳಿಲ್ಲ. ದೊಡ್ಡವರ ನಿರ್ಧಾರದ ಭಾರ ಮಗುವಿನ ಮೇಲೆ ಹಾಕಬೇಡಿ ಅಂತ ನಿಮ್ಮ ಕೈಪಿಡೀಲೇ ಇದೆಯಲ್ಲ.”

ಇತ್ತು. ಪುಟ ಹದಿನಾಲ್ಕು. ಪ್ರೂಫು ನೋಡಿದವನು ನಾನೇ.

ಅವರು ಹೋದ ಮೇಲೆ ಧಾರಿಣಿ ಕಿಟಕಿಯ ಹತ್ತಿರ ನಿಂತಳು. “ಸರ್, ಆ ಮಗು ನನ್ನ ಕ್ಲಾಸಲ್ಲಿ ಒಂದ್ಸಲಾನೂ ನಕ್ಕಿಲ್ಲ. ಅತ್ತಿದ್ದೂ ಇಲ್ಲ. ಟಿಫಿನ್ ಡಬ್ಬಿ ತೆಗೀತಾಳೆ, ನೋಡ್ತಾಳೆ, ಮುಚ್ತಾಳೆ.”

“ವರದೀಲಿ ಬರೀರಿ.”

ಬರೆದಳು. ಮಾರನೆಯ ದಿನ ವರದಿ ಮರಳಿತು. ‘ಷರಾ ದತ್ತಾಂಶಕ್ಕೆ ವಿರುದ್ಧವಾಗಿರಬಾರದು’ ಎಂದು ಪ್ರಿನ್ಸಿಪಾಲ್ ಮೇಡಂ ಹಸಿರು ಶಾಯಿಯಲ್ಲಿ ಬರೆದಿದ್ದರು. ಕೆಂಪು ಶಾಯಿ ಮನಸ್ಸನ್ನು ನೋಯಿಸುತ್ತದೆಂದು ಅದನ್ನು ಬಿಟ್ಟಿದ್ದೆವು.

“ಹಾಗಾದ್ರೆ ಅವಳ ತಾಯಿಗೆ ಫೋನ್ ಮಾಡಿಬಿಡಿ,” ಎಂದೆ.

“ನಾನು ಪರ್ಮನೆಂಟ್ ಆಗೋದು ಏಪ್ರಿಲ್‌ನಲ್ಲಿ, ಸರ್. ನೀವು ಪರ್ಮನೆಂಟೇ ಅಲ್ವಾ? ನೀವೇ ಮಾಡಿ.”

ನಾನು ಕಪಾಟು ಸರಿಮಾಡತೊಡಗಿದೆ.

ಫೆಬ್ರುವರಿಯ ಎರಡನೇ ಶುಕ್ರವಾರ, ನಾಲ್ಕನೇ ಪೀರಿಯಡ್ಡಿನಲ್ಲಿ ಪೂವಮ್ಮನ ಸರದಿ. ನಮ್ಮಲ್ಲಿ ಈಗ ಟೀಚರು ತಂದೆತಾಯಿಗೆ ವರದಿ ಒಪ್ಪಿಸುವುದಿಲ್ಲ. ಮಗುವೇ ಎದ್ದು ನಿಂತು ತನ್ನ ವರ್ಷವನ್ನು ತಾನೇ ವಿವರಿಸುತ್ತದೆ, ದೊಡ್ಡವರು ಕೇಳುತ್ತಾರೆ. ಬೊಳ್ಳಮ್ಮ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಹೊರಗೆ ಬಿಸಿಲು ಚೆನ್ನಾಗಿತ್ತು. ಐದನೇ ಪೀರಿಯಡ್ಡು ಗೇಮ್ಸ್. ಪೂವಮ್ಮ ಬಿಳಿ ಬೂಟು ಹಾಕಿಕೊಂಡೇ ಬಂದಿದ್ದಳು.

“ಇದು ನನ್ನ ಗ್ರಾಫ್,” ಎಂದಳು. ಗೆರೆ ಆಗಸ್ಟಿನಲ್ಲಿ ಕೆಳಗಿತ್ತು. ಸೆಪ್ಟೆಂಬರಿನಲ್ಲಿ ಮೇಲೇರಿ, ಅಲ್ಲಿಂದ ಹಾಳೆಯ ಅಂಚಿನವರೆಗೆ ನೆಟ್ಟಗೆ ಹೋಗಿತ್ತು. “ನೂರಾ ಎರಡು ದಿನ ಖುಷಿ.”

“ದೇಖಿಯೇ,” ಎಂದರು ಪ್ರಿನ್ಸಿಪಾಲ್ ಮೇಡಂ, “ಸಹಾಯ ಸಿಕ್ಕಿದ ಮೇಲೆ ಎಷ್ಟು ಬದಲಾವಣೆ!”

ಬೊಳ್ಳಮ್ಮ ಗ್ರಾಫು ನೋಡಲಿಲ್ಲ, ಮಗಳನ್ನು ನೋಡಿದರು. ಮನೆಯಲ್ಲಿ ಕೊಡವ ಭಾಷೆ, ನಮಗೂ ತಿಳಿಯಲೆಂದು ಕನ್ನಡದಲ್ಲಿ ಕೇಳಿದರು. “ಪೂವಿ, ಕ್ಲಿಪ್ಪು ಬಿಡು. ನಿಜವಾಗಿ ಹೇಳು. ನಿನಗೆ ಇಲ್ಲಿ ಖುಷಿಯಾ?”

ಪೂವಮ್ಮ ಗಡಿಯಾರ ನೋಡಿದಳು. ಗೇಮ್ಸಿಗೆ ಐದು ನಿಮಿಷವಿತ್ತು.

“ಖುಷಿ, ಮಮ್ಮಿ.”

ಧಾರಿಣಿ ಬಾಯಿ ತೆರೆದಳು. “ಮೇಡಂ, ನನಗನ್ನಿಸೋದೇನಂದ್ರೆ...”

“ಧಾರಿಣಿ ಜೀ,” ಎಂದರು ಪ್ರಿನ್ಸಿಪಾಲ್ ಮೇಡಂ ಮೆತ್ತಗೆ, “ಬಚ್ಚಿ ಕೋ ಬೋಲ್ನೇ ದೀಜಿಯೇ, ಅವಳೇ ಮಾತಾಡಲಿ. ಇದು ಮಗುವಿನ ಸಭೆ.”

ಸಂದೀಪ್ ತನ್ನ ದಿಂಬನ್ನು ನೋಡುತ್ತಿದ್ದ. ಬೊಳ್ಳಮ್ಮ ಸುತ್ತ ನೋಡಿ ನನ್ನ ಕಡೆ ತಿರುಗಿದರು.

“ಸೂರ್ಯನಾರಾಯಣರೇ, ನೀವು ದಿನಾ ನೋಡ್ತೀರಿ. ನೀವಾದ್ರೂ ಒಂದು ಮಾತು ಹೇಳಿ. ಹೇಗಿದಾಳೆ ಇವಳು?”

ಪೂವಮ್ಮ ನನ್ನನ್ನು ನೋಡಿದಳು, ಆಮೇಲೆ ಪೋಸ್ಟರನ್ನು. ಅವಳ ಮುಖದಲ್ಲಿ ಬೇಡಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಪ್ರಿಂಟರಿಗೆ ಹೇಗೆ ಹೇಳುವುದೆಂದು ನಾವು ತಿಳಿಯದೆ ಕೈಬಿಟ್ಟ ದುಂಡು ಅದೇ.

“ಪುಸ್ತಕ ಸರಿಯಾದ ದಿನಕ್ಕೆ ತಂದು ಕೊಡ್ತಾಳೆ,” ಎಂದೆ.

ಬೊಳ್ಳಮ್ಮ ಉಸಿರು ಬಿಟ್ಟರು. ಮಗಳ ತಲೆ ಸವರಿ, “ಸರಿ ಹಾಗಾದ್ರೆ,” ಎಂದರು. ಗಂಟೆ ಹೊಡೆಯಿತು. ಪೂವಮ್ಮ ಓಡಲಿಲ್ಲ, ನಡೆದುಕೊಂಡು ಹೋದಳು. ಕಿಟಕಿಯಿಂದ ಮೈದಾನ ಕಾಣುತ್ತದೆ. ಎಂಟು ಮಕ್ಕಳ ಸಾಲಿನಲ್ಲಿ ಅವಳು ಆರನೆಯವಳಾಗಿ, ನಮಗೆ ಬೆನ್ನು ಮಾಡಿ ಕೂತಳು.

ಸಭೆ ಯಶಸ್ವಿಯಾಯಿತು ಎಂದು ನಡಾವಳಿಯಲ್ಲಿ ಬರೆದೆ. ಸೋಮವಾರ ಬೊಳ್ಳಮ್ಮ ಮೈಸೂರು ಬೇಡವೆಂದು ಕಚೇರಿಗೆ ಬರೆದುಕೊಟ್ಟರು.